ಫ್ಯೂಸ್ ಪದೇ ಪದೇ ಹೋಗುತ್ತಿದೆಯೇ? ಹೃದಯದಲ್ಲಿ ಕೂತ ವಿಗ್ರಹವನ್ನು ಪತ್ತೆ ಹಚ್ಚುವ ಬಗೆ

ನಾನು ವಿದ್ಯುತ್ ದುರಸ್ತಿ ಮಾಡುವವನು. ಮನೆಯವರು ಕರೆ ಮಾಡಿದಾಗ ಮೊದಲ ಮಾತು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: "ಫ್ಯೂಸ್ ಹೋಗಿದೆ, ಹಾಕಿಕೊಟ್ಟುಬಿಡಿ." ಹಾಕಿಕೊಡುವುದು ಎರಡು ನಿಮಿಷದ ಕೆಲಸ. ಆದರೆ ಬೇರೆಲ್ಲೋ ದೋಷವಿದೆ ಎಂದು ಹೇಳುವುದಕ್ಕೇ ಫ್ಯೂಸ್ ಇರುವುದು. ವಾರಕ್ಕೆ ಮೂರು ಸಲ ಹೋಗುತ್ತಿದ್ದರೆ ಯಾವುದೋ ತಂತಿಯ ಹೊದಿಕೆ ಸುಟ್ಟಿರಬೇಕು, ಇಲ್ಲವೇ ಯಾವುದೋ ಸಾಲಿನ ಮೇಲೆ ಅದು ಹೊರಲಾರದ ಭಾರ ಬಿದ್ದಿರಬೇಕು. ರೋಸಿಹೋದ ಕೆಲವರು ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಸುತ್ತಿಬಿಡುತ್ತಾರೆ. ಆಮೇಲೆ ಫ್ಯೂಸ್ ಹೋಗುವುದಿಲ್ಲ. ಗೋಡೆಯೊಳಗಿನ ತಂತಿ ಕಾಯುತ್ತದೆ.

ಕ್ರಿಸ್ತನನ್ನು ನಂಬಿ ನಡೆಯುವವರ ಒಳಗೂ ಇಂಥದೊಂದು ಫ್ಯೂಸ್ ಇದೆ. ಸಣ್ಣ ಮಾತಿಗೆ ಭಗ್ಗನೆ ಏಳುವ ಸಿಟ್ಟು, ಕಾರಣಕ್ಕಿಂತ ಹತ್ತುಪಟ್ಟು ದೊಡ್ಡದಾದ ಭಯ, ಇನ್ನೊಬ್ಬರ ಏಳಿಗೆಯ ಸುದ್ದಿ ಕೇಳಿದ ಕೂಡಲೇ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಗುವುದು. ಇವು ಮರುಕಳಿಸುತ್ತಿದ್ದರೆ ನಾವು ತಾಳ್ಮೆ ಕೊಡು ಎಂದು ಪ್ರಾರ್ಥಿಸುತ್ತೇವೆ. ಅದು ಹೊಸ ಫ್ಯೂಸ್ ಕೇಳಿದ ಹಾಗೆ. ಒಳಗೆ ಕುದಿಯುತ್ತಿದ್ದರೂ ಮುಖಕ್ಕೆ ನಗು ಅಂಟಿಸಿಕೊಂಡು "ದೇವರಿಗೆ ಸ್ತೋತ್ರ" ಎಂದು ಓಡಾಡುವುದು ದಪ್ಪ ತಂತಿ ಸುತ್ತಿದ ಹಾಗೆ.

ಇಲ್ಲಿ ವಿಗ್ರಹವೆಂದರೆ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಬೇರೆಯವರು ಯಾವುದಕ್ಕೆ ಕೈಮುಗಿಯುತ್ತಾರೆ ಎಂಬ ಮಾತು ಈ ಬರಹದಲ್ಲಿಲ್ಲ. ಪಕ್ಕದ ಮನೆಯ ಲೈನ್ ಪರೀಕ್ಷಿಸುತ್ತಾ ಕೂತರೆ ನಮ್ಮ ಮನೆಯ ದೀಪ ಹತ್ತುವುದಿಲ್ಲ. ಯೆಹೆಜ್ಕೇಲನ ಗ್ರಂಥದ 14ನೇ ಅಧ್ಯಾಯದಲ್ಲಿ ಇಸ್ರಾಯೇಲಿನ ಹಿರಿಯರು ಪ್ರವಾದಿಯ ಮುಂದೆ ಬಂದು ಕೂರುತ್ತಾರೆ, ದೇವರ ಮಾತನ್ನು ಕೇಳಲೆಂದೇ. ಇವರು ತಮ್ಮ ವಿಗ್ರಹಗಳನ್ನು ಹೃದಯದಲ್ಲಿ ಇಟ್ಟುಕೊಂಡು ಬಂದಿದ್ದಾರೆ ಎಂದು ದೇವರು ಪ್ರವಾದಿಗೆ ತಿಳಿಸುತ್ತಾರೆ. ಕೈಯಲ್ಲಿ ಏನೂ ಇರಲಿಲ್ಲ. ಕೂತಿದ್ದದ್ದು ಸರಿಯಾದ ಜಾಗದಲ್ಲೇ. 1529ರಲ್ಲಿ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್, ನಿನಗೆ ಬೇರೆ ದೇವರುಗಳಿರಬಾರದು ಎಂಬ ಮೊದಲನೆಯ ಆಜ್ಞೆಯನ್ನು ವಿವರಿಸುತ್ತಾ, ನಿನ್ನ ಹೃದಯ ಯಾವುದಕ್ಕೆ ಅಂಟಿಕೊಂಡು ಯಾವುದನ್ನು ನೆಚ್ಚಿದೆಯೋ ಅದೇ ನಿನ್ನ ದೇವರು ಎಂಬ ಅರ್ಥದಲ್ಲಿ ಬರೆದ. ದುರಸ್ತಿಯ ಕೆಲಸಕ್ಕೆ ನನಗೆ ಈ ವ್ಯಾಖ್ಯೆ ಸಾಕು.

ಮೊದಲು ತಳ್ಳಿಹಾಕಬೇಕಾದವು

ಎಲ್ಲ ನೋವೂ ವಿಗ್ರಹದ ಲಕ್ಷಣವಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಈ ಪರೀಕ್ಷೆಗಳನ್ನು ಕಲಿತವರು ಅವುಗಳನ್ನು ಮೊದಲು ಪ್ರಯೋಗಿಸುವುದು ದುಃಖದಲ್ಲಿರುವವರ ಮೇಲೆ. ಮಗುವನ್ನು ಕಳೆದುಕೊಂಡ ತಾಯಿಗೆ "ಮಗುವೇ ನಿನಗೆ ವಿಗ್ರಹವಾಗಿತ್ತು" ಎಂದವರನ್ನು ನಾನು ಕಂಡಿದ್ದೇನೆ. ಅಂಥವರ ಕೈಯಿಂದ ಉಪಕರಣವನ್ನು ಕಿತ್ತುಕೊಳ್ಳಬೇಕು. ತೀರಿಕೊಂಡ ಗೆಳೆಯ ಲಾಜರನ ಸಮಾಧಿಯ ಬಳಿ ಯೇಸು ಕಣ್ಣೀರಿಟ್ಟರು. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸಲಿದ್ದೇನೆಂದು ತಿಳಿದಿದ್ದೂ ಇಟ್ಟರು.

ನಾಳಿನ ಊಟಕ್ಕೆ ಗತಿಯಿಲ್ಲದವನ ಚಿಂತೆ ಧನದ ಆರಾಧನೆಯಲ್ಲ. ದೇಹದ ದಣಿವೂ ಬೇರೆ. ಪ್ರವಾದಿ ಎಲೀಯನು ಅಡವಿಯಲ್ಲಿ ಗಿಡದ ಕೆಳಗೆ ಬಿದ್ದುಕೊಂಡು ಸಾವನ್ನು ಬೇಡಿದಾಗ ದೇವರು ಅವನ ಹೃದಯವನ್ನು ತನಿಖೆ ಮಾಡಲಿಲ್ಲ. ನಿದ್ದೆ ಬಂತು, ರೊಟ್ಟಿಯೂ ನೀರೂ ಬಂದವು, ಮತ್ತೆ ನಿದ್ದೆ, ಮತ್ತೆ ರೊಟ್ಟಿ. ಪ್ರಶ್ನೆ ಬಂದದ್ದು ಎಷ್ಟೋ ದಿನಗಳ ಮೇಲೆ, ಹೋರೇಬ್ ಬೆಟ್ಟದ ಗವಿಯಲ್ಲಿ. ಆದ್ದರಿಂದ ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡವೆನಿಸುತ್ತಿದೆ ಎನ್ನುವವರು ಈ ಬರಹವನ್ನು ಇಲ್ಲಿಗೇ ಬಿಟ್ಟು ವೈದ್ಯರ ಬಳಿ ಹೋಗಬೇಕು. ಲೈನಿನಲ್ಲೇ ಕರೆಂಟ್ ಇಲ್ಲದಿದ್ದಾಗ ಮನೆಯ ವೈರಿಂಗ್ ಬಿಚ್ಚಿ ಪ್ರಯೋಜನವಿಲ್ಲ.

ಸಿಟ್ಟಿನ ಜಾಡು ಹಿಡಿಯುವುದು

ಯೋನನ ಕಥೆಯಲ್ಲಿ ಮೀನಿನ ಭಾಗ ಎಲ್ಲರಿಗೂ ಗೊತ್ತು. ನನಗೆ ಬೇಕಾದದ್ದು 4ನೇ ಅಧ್ಯಾಯ. ದೇವರು ಶಿಕ್ಷಿಸದೆ ಬಿಟ್ಟು ನಿನೆವೆ ಪಟ್ಟಣದ 1,20,000ಕ್ಕೂ ಹೆಚ್ಚು ಜನ ಬದುಕಿಕೊಂಡದ್ದಕ್ಕೆ ಪ್ರವಾದಿಗೆ ಸಿಟ್ಟು. ನೆರಳು ಕೊಡುತ್ತಿದ್ದ ಗಿಡವೊಂದು ಹುಳು ಕಡಿದು ಒಣಗಿದ್ದಕ್ಕೆ ಸಾಯುವಷ್ಟು ಸಿಟ್ಟು. ಎರಡು ಸಲವೂ ದೇವರು ಕೇಳುವುದು ಒಂದೇ ಪ್ರಶ್ನೆ: ನೀನು ಸಿಟ್ಟುಗೊಳ್ಳುವುದು ಸರಿಯೋ? ಬೈಗುಳವಿಲ್ಲ. ಮೀಟರ್ ಹಚ್ಚಿ ನೋಡುವವರ ಪ್ರಶ್ನೆ ಅದು. ತಮಾಷೆಯೆಂದರೆ, ಪೊಳ್ಳು ವಿಗ್ರಹಗಳಿಗೆ ಅಂಟಿಕೊಂಡವರು ಕೃಪೆಯನ್ನು ಕಳೆದುಕೊಳ್ಳುತ್ತಾರೆ ಎಂದು ಮೀನಿನ ಹೊಟ್ಟೆಯೊಳಗೆ ಹಾಡಿದವನು ಇದೇ ಯೋನ. ಸಿದ್ಧಾಂತದಲ್ಲಿ ಅವನಿಗೆ ನೂರಕ್ಕೆ ನೂರು.

ಹೀಗೆ ಮಾಡಿ. ಒಂದು ವಾರ, ಸಿಟ್ಟು ಬಂದಾಗಲೆಲ್ಲ ಯಾರ ಮೇಲೆ ಎಂದು ಬರೆಯಬೇಡಿ. ಆ ಕ್ಷಣ ನಿಮ್ಮ ಯಾವ ವಸ್ತುವಿಗೆ ಅಪಾಯ ಬಂದಿತ್ತು ಎಂದು ಬರೆಯಿರಿ. ಮಗ ಪರೀಕ್ಷೆಯಲ್ಲಿ ಕಡಿಮೆ ಅಂಕ ತಂದ, ನೀವು ಕೂಗಾಡಿದಿರಿ. ಅಪಾಯ ಬಂದದ್ದು ಅವನ ಭವಿಷ್ಯಕ್ಕೋ, ನೆಂಟರ ಮುಂದೆ ನೀವು ಹೇಳಬೇಕಿದ್ದ ಸುದ್ದಿಗೋ? ಉತ್ತರ ಕೂಡಲೇ ಹೊಳೆಯದಿದ್ದರೆ ಇನ್ನೊಂದು ಕಡೆಯಿಂದ ನೋಡಬಹುದು. ಕಳೆದ ಕೆಲವು ದಿನಗಳಲ್ಲಿ ಹೇಳಿದ ಸಣ್ಣ ಸುಳ್ಳೊಂದನ್ನು ನೆನೆಸಿಕೊಳ್ಳಿ. ಯಾರೂ ಸುಮ್ಮನೆ ಸುಳ್ಳು ಹೇಳುವುದಿಲ್ಲ, ಏನನ್ನೋ ಕಾಯಲು ಹೇಳುತ್ತಾರೆ. ಮೊದಲ ಕ್ರೈಸ್ತರಲ್ಲಿ ಗಂಡಹೆಂಡಿರಾದ ಅನನೀಯ ಮತ್ತು ಸಪ್ಫೈರ ಹೊಲ ಮಾರಿ ದುಡ್ಡಿನಲ್ಲಿ ಒಂದು ಪಾಲು ಇಟ್ಟುಕೊಂಡದ್ದು ತಪ್ಪಾಗಿರಲಿಲ್ಲ. ಹೊಲ ನಿಮ್ಮದೇ ಆಗಿತ್ತಲ್ಲ ಎಂದು ಅಪೊಸ್ತಲ ಪೇತ್ರನೇ ಹೇಳುತ್ತಾನೆ. ದುಡ್ಡನ್ನು ದೇವರಿಗೆ ಪೂರ್ತಿ ಕೊಟ್ಟವರೆಂಬ ಹೆಸರೂ ಬೇಕಿತ್ತು, ಅದಕ್ಕೆ ಸುಳ್ಳು ಬೇಕಾಯಿತು. ಸುಳ್ಳಿನ ತಂತಿ ಹಿಡಿದು ಹೋದರೆ ಸುಟ್ಟ ಜಾಗ ಬೇಗ ಸಿಗುತ್ತದೆ.

ಆಸೆಯನ್ನೇ ವಿಗ್ರಹವೆಂದು ತಿಳಿಯಬೇಡಿ. ರಾಹೇಲಳೂ ಹನ್ನಳೂ ಮಕ್ಕಳಿಲ್ಲದ ಹೆಂಗಸರು. ಇಬ್ಬರನ್ನೂ ಮನೆಯಲ್ಲೇ ಇನ್ನೊಬ್ಬಳು ನೋಯಿಸುತ್ತಿದ್ದಳು, ಒಬ್ಬಳನ್ನು ಮಕ್ಕಳಿದ್ದ ಅಕ್ಕನ ತೊಟ್ಟಿಲು, ಇನ್ನೊಬ್ಬಳನ್ನು ಸವತಿಯ ಚುಚ್ಚುಮಾತು. ರಾಹೇಲಳು ಗಂಡನಿಗೆ, ಮಕ್ಕಳನ್ನು ಕೊಡು, ಇಲ್ಲವಾದರೆ ಸಾಯುತ್ತೇನೆ ಎಂದಳು. ಹನ್ನಳು ಅಷ್ಟೇ ಅತ್ತಳು, ಊಟ ಬಿಟ್ಟಳು, ಕುಡಿದಿದ್ದಾಳೆಂದು ಯಾಜಕನೇ ತಪ್ಪು ತಿಳಿಯುವಷ್ಟು ತೀವ್ರವಾಗಿ ಬೇಡಿದಳು. ಆಸೆಯನ್ನು ತಕ್ಕಡಿಯಲ್ಲಿ ತೂಗಿದರೆ ಯಾರದು ಹೆಚ್ಚು ಎಂದು ಹೇಳಲಾಗದು. ಆದರೆ ಒಬ್ಬಳು ಮಗುವಿಗೆ ತನ್ನ ಬದುಕನ್ನೇ ನೇತುಹಾಕಿದಳು. ಇನ್ನೊಬ್ಬಳು ಬೇಡುವಾಗಲೇ ಮಗುವನ್ನು ದೇವರಿಗೆ ಹಿಂದಕ್ಕೆ ಕೊಡುವ ಮಾತೂ ಆಡಿದಳು.

ನನ್ನದೇ ಲೈನಿನಲ್ಲಿ ಸಿಕ್ಕ ದೋಷ

ಹನ್ನೆರಡು ವರ್ಷ ನಮ್ಮ ಸಭೆಯ (ಚರ್ಚಿನ) ಯುವಜನರಿಗೆ ಸತ್ಯವೇದ (ಬೈಬಲ್) ಅಧ್ಯಯನ ನಡೆಸಿದವನು ನಾನು. ಒಂದು ಸಂಜೆ ಸಭಾಪಾಲಕರು ಆ ಪಾಠವನ್ನು ಒಬ್ಬ ಹುಡುಗನಿಗೆ ಕೊಟ್ಟರು. ನಾನೇ ಕಲಿಸಿದ ಹುಡುಗ. ಹಿಂದಿನ ಸಾಲಿನಲ್ಲಿ, ಗೋಡೆಗೆ ಒರಗಿ ಕೂತೆ. ಪಾಠ ಇಸ್ರಾಯೇಲಿನ ಸೇನೆ ನಡೆಸಿದ ಗಿದ್ಯೋನನದು. ಗಿದ್ಯೋನನ ಬಳಿ ಇದ್ದ 32,000 ಜನರಲ್ಲಿ ಹೆದರಿದವರು ಮನೆಗೆ ಹೋಗಲಿ ಎಂದಾಗ 22,000 ಜನ ಹೊರಟುಹೋಗುತ್ತಾರೆ. ಹುಡುಗ 20,000 ಎಂದ. ನನ್ನ ಕೈಯಲ್ಲಿದ್ದ ಪೆನ್ಸಿಲ್ ತಾನಾಗಿ ಹಾಳೆಯ ಮೇಲೆ ಒಂದು ಗೆರೆ ಎಳೆಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮನೆಗೆ ಬಂದು ಪ್ರಾರ್ಥನೆಗೆ ಕೂತರೆ ಒಂದು ವಾಕ್ಯವೂ ಬರಲಿಲ್ಲ. ಹಾಳೆ ತೆಗೆದು ನೋಡಿದೆ. ಏಳು ಗೆರೆಗಳಿದ್ದವು. ಪಾಠದ ಒಂದು ಮಾತೂ ಬರೆದುಕೊಂಡಿರಲಿಲ್ಲ.

ಆ ರಾತ್ರಿ ಗಿದ್ಯೋನನ ಕಥೆಯನ್ನು ಕೊನೆಯವರೆಗೆ ಓದಿದೆ, ಹುಡುಗನ ಇನ್ನಷ್ಟು ತಪ್ಪು ಸಿಗಬಹುದೆಂಬ ಹುಮ್ಮಸ್ಸಿನಲ್ಲೇ. 300 ಜನರೊಂದಿಗೆ ಗೆದ್ದವನನ್ನು ಜನ ನಮ್ಮನ್ನು ಆಳು ಎಂದು ಕೇಳುತ್ತಾರೆ. ನಾನೂ ಆಳುವುದಿಲ್ಲ, ನನ್ನ ಮಗನೂ ಆಳುವುದಿಲ್ಲ, ಯೆಹೋವನೇ ಆಳುತ್ತಾನೆ ಎಂದು ಅವನು ಹೇಳುತ್ತಾನೆ. ಇಡೀ ಗ್ರಂಥದಲ್ಲೇ ಇದಕ್ಕಿಂತ ಚೊಕ್ಕ ಉತ್ತರ ಹುಡುಕುವುದು ಕಷ್ಟ. ಮರುವಚನದಲ್ಲೇ, ಕೊಳ್ಳೆಯ ಕಿವಿಯೋಲೆಗಳನ್ನು ಕೊಡಿ ಎನ್ನುತ್ತಾನೆ. ಸೇರಿದ್ದು 1,700 ಶೆಕೆಲ್ ಬಂಗಾರ, ಈಗಿನ ತೂಕದಲ್ಲಿ ಸುಮಾರು 20 ಕಿಲೋ. ಅದರಿಂದ ಯಾಜಕರು ತೊಡುವಂಥ ಏಫೋದೆಂಬ ಉಡುಪನ್ನು ಮಾಡಿಸಿ ಸ್ವಂತ ಊರಿನಲ್ಲಿ ಇಡುತ್ತಾನೆ. ಅದೇ ಅವನಿಗೂ ಅವನ ಮನೆಗೂ ಉರುಲಾಯಿತು ಎಂದು ನ್ಯಾಯಸ್ಥಾಪಕರು 8:27 ಹೇಳುತ್ತದೆ. ಸಿಂಹಾಸನ ಬೇಡವೆಂದವನಿಗೆ, ಜನ ದೇವರನ್ನು ಕೇಳಲು ತನ್ನ ಊರಿಗೇ ಬರಬೇಕೆಂಬ ಆಸೆ ಉಳಿದಿತ್ತು ಎಂದು ನಾನು ಓದಿಕೊಂಡೆ. ಬೇರೆಯವರು ಬೇರೆ ರೀತಿ ಓದಬಹುದು. ನನ್ನ ಮುಂದೆ ಏಳು ಗೆರೆಗಳ ಹಾಳೆ ಇತ್ತು.

ಸೇವೆ ಒಳ್ಳೆಯ ಕೆಲಸ. ಹಾಗಾಗಿಯೇ ಹನ್ನೆರಡು ವರ್ಷ ಅದರ ಮೇಲೆ ನನಗೆ ಅನುಮಾನ ಬರಲಿಲ್ಲ. ಕುಡಿತದ ಚಟದವನಿಗೆ ತನ್ನ ದೋಷ ಎಲ್ಲಿದೆ ಎಂದು ಕುಡಿತವೇ ತೋರಿಸಿಕೊಡುತ್ತದೆ. ಸೇವೆ, ಸಂಸಾರ, ಪ್ರಾಮಾಣಿಕ ದುಡಿಮೆ ಎಂಬವುಗಳ ಮೇಲೆ ಯಾರು ಟೆಸ್ಟರ್ ಇಡುತ್ತಾರೆ?

ಒಂದೊಂದೇ ಸ್ವಿಚ್ ಆರಿಸಿ ನೋಡುವುದು

ದೋಷ ಯಾವ ಸಾಲಿನಲ್ಲಿದೆ ಎಂದು ತಿಳಿಯದಿದ್ದರೆ ಎಲ್ಲ ಸ್ವಿಚ್ ಆರಿಸಿ, ಒಂದೊಂದಾಗಿ ಹಾಕುತ್ತಾ ಬರುತ್ತೇವೆ. ಸಭೆಯ ಬಳಿ ಇದಕ್ಕೆ ಹಳೆಯ ಹೆಸರಿದೆ: ಉಪವಾಸ. ಅನ್ನದ ಉಪವಾಸವೇ ಆಗಬೇಕೆಂದಿಲ್ಲ. ಅನುಮಾನ ಬಂದ ಒಂದೇ ವಸ್ತುವನ್ನು ಗೊತ್ತಾದ ಅವಧಿಗೆ ದೂರವಿಡಿ. ಅವಧಿ ಮುಖ್ಯ. ಇನ್ನು ಮೇಲೆ ಮುಟ್ಟುವುದೇ ಇಲ್ಲ ಎಂಬ ಶಪಥ ಪರೀಕ್ಷೆಯಲ್ಲ, ಆವೇಶ.

ಎಲ್ಲರೂ ಮೊದಲು ಅನುಮಾನಿಸುವುದು ಮೊಬೈಲನ್ನು. ಒಂದು ದಿನ ಅದನ್ನು ಬೇರೆ ಕೋಣೆಯಲ್ಲಿ ಇಟ್ಟೆ. ಬೆಳಗಿನ ಹೊತ್ತಿಗೇ ಕೈ ಜೇಬಿಗೆ ಹೋಗಿ ಬರಿದೇ ಬಂದದ್ದನ್ನು ಎಣಿಸಲು ಹೊರಟು ಸೋತೆ. ಆಗ ಎಣಿಕೆ ಬಿಟ್ಟು, ಕೈ ಹೋಗುವ ಮೊದಲಿನ ಕ್ಷಣದಲ್ಲಿ ಮನಸ್ಸಿನಲ್ಲಿ ಏನಿತ್ತು ಎಂದು ಬರೆಯತೊಡಗಿದೆ. ಗಿರಾಕಿ ಹಣ ಕೊಟ್ಟಿದ್ದಾನೋ ಇಲ್ಲವೋ ಎಂದು ಒಮ್ಮೆ. ಹೆಂಡತಿ ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ಮನಸ್ಸಿಲ್ಲದೆ ಇನ್ನೊಮ್ಮೆ. ಉಳಿದ ಬಹುಪಾಲು, ಸಭೆಯ ಗುಂಪಿನಲ್ಲಿ ನಾನು ಹಾಕಿದ ವಚನಕ್ಕೆ ಯಾರಾದರೂ ಆಮೆನ್ ಎಂದಿದ್ದಾರೋ ಎಂದು. ಮೊಬೈಲ್ ಬರೀ ಪೀಠ. ಅದರ ಮೇಲೆ ಕೂತದ್ದು ಒಬ್ಬೊಬ್ಬರಿಗೆ ಒಂದೊಂದು: ಹೊಗಳಿಕೆ, ಎಲ್ಲವೂ ತನ್ನ ಹಿಡಿತದಲ್ಲಿದೆಯೆಂಬ ಭಾವ, ಬೇಸರದಿಂದ ತಪ್ಪಿಸಿಕೊಳ್ಳುವ ಕಿಂಡಿ. ಪೀಠವನ್ನು ಎಸೆದರೆ ಕೂತದ್ದು ಇನ್ನೊಂದು ಪೀಠಕ್ಕೆ ನೆಗೆಯುತ್ತದೆ.

ಹಣದ ವಿಷಯದಲ್ಲಿ ಇಷ್ಟೇ: ಮತ್ತಾಯ 6:24ರಲ್ಲಿ ದೇವರನ್ನೂ ಧನವನ್ನೂ ಕೂಡ ಸೇವಿಸಲಾಗದು ಎಂದ ಯೇಸು, ಮುಂದಿನ ವಚನವನ್ನು 'ಆದಕಾರಣ' ಎಂದು ತೊಡಗಿ ಚಿಂತೆಯ ಬಗ್ಗೆ ಮಾತನಾಡುತ್ತಾರೆ. ಚಿನ್ನ ಪೇರಿಸಿಟ್ಟವನಂತೆ, ಖಾಲಿ ಖಾತೆಯನ್ನು ದಿನಕ್ಕೆ ಹತ್ತು ಸಲ ತೆರೆದು ನೋಡುವವನೂ ಧನವೆಂಬ ಯಜಮಾನನ ಆಳಾಗಿರಬಹುದು.

ಬಿಡುವಾಗ ನಾನು ಮಾಡಿದ ತಪ್ಪು

ದೋಷ ಗೊತ್ತಾದ ಮರುದಿನವೇ ನಾನು ಬೋಧನೆಯನ್ನು ಬಿಟ್ಟುಬಿಟ್ಟೆ. ತ್ಯಾಗವೆಂದು ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಯಾರಾದರೂ ಮನೆಗೆ ಬಂದು "ನೀವಿಲ್ಲದೆ ನಡೆಯುವುದಿಲ್ಲ, ಅಣ್ಣಾ" ಎನ್ನುತ್ತಾರೆಂದು ಕಾದೆ. ವಿಗ್ರಹವನ್ನು ಒಡೆಯುವ ನೆಪದಲ್ಲಿ ಅದಕ್ಕೆ ಇನ್ನೊಂದು ಬಲಿ. ಮೂರು ವಾರ ಯಾರೂ ಬರಲಿಲ್ಲ. ನಾಲ್ಕನೆಯ ವಾರ ಒಬ್ಬರು ಬಂದರು. ಕೇಳಿದ್ದು ಪುಸ್ತಕದ ಕಪಾಟಿನ ಬೀಗದ ಕೈ.

ಆ ಬೀಗದ ಕೈ ಕೊಟ್ಟ ಮೇಲೆ, ಯಾವುದನ್ನು ಒಡೆಯಬೇಕು, ಯಾವುದನ್ನು ಒಪ್ಪಿಸಬೇಕು ಎಂದು ಸತ್ಯವೇದದಲ್ಲೇ ಹುಡುಕಿದೆ. ಎರಡೂ ಸಿಗುತ್ತವೆ. ಚಿನ್ನದ ಕರುವನ್ನು ಮೋಶೆ ಸುಟ್ಟು, ಅರೆದು ಪುಡಿಮಾಡಿ, ನೀರಿಗೆ ಬೆರೆಸಿ ಜನರಿಗೆ ಕುಡಿಸಿದ. ಮತ್ತೆ ಎರಕ ಹೊಯ್ಯಲು ಚೂರೂ ಉಳಿಯಲಿಲ್ಲ. ಎಫೆಸದಲ್ಲಿ ಮಾಟಮಂತ್ರ ಮಾಡುತ್ತಿದ್ದವರು 50,000 ಬೆಳ್ಳಿ ನಾಣ್ಯ ಬೆಲೆಯ ಪುಸ್ತಕಗಳನ್ನು ಬೀದಿಯಲ್ಲೇ ಸುಟ್ಟರು. ಮಾರಿ ಬಡವರಿಗೆ ಹಂಚಬಹುದಿತ್ತಲ್ಲ ಎನಿಸುತ್ತದೆ. ಮಾರಿದ್ದರೆ ಅದೇ ಕೆಡುಕು ಇನ್ನೊಬ್ಬರ ಮನೆ ಸೇರುತ್ತಿತ್ತು. ಅಶ್ಲೀಲ ಚಿತ್ರ, ಜೂಜಿನ ಆ್ಯಪ್ ಇಂಥವು ಈ ಗುಂಪಿನವು. ಇಲ್ಲಿ ಮಿತಿಯ ಮಾತು ಬೇಡ, ಅಳಿಸಿಹಾಕಿ. ಸುಂಕದ ಅಧಿಕಾರಿ ಜಕ್ಕಾಯ ಮಾತ್ರ ದುಡ್ಡನ್ನು ಸುಡಲಿಲ್ಲ. ಅರ್ಧ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು. ದುಡ್ಡು ಹರಿಯುವ ದಿಕ್ಕು ತಿರುಗಿತು, ಅಷ್ಟೇ.

ಈ ಎರಡಕ್ಕೂ ನಡುವೆ ತೊಡಕಿನದೊಂದು ಇದೆ: ತಾಮ್ರದ ಸರ್ಪ. ಅದನ್ನು ಮಾಡಿಸಿದವರು ದೇವರೇ. ಅಡವಿಯಲ್ಲಿ ಹಾವು ಕಚ್ಚಿದವರು ಅದನ್ನು ನೋಡಿ ಬದುಕಿದರು. ಶತಮಾನಗಳ ನಂತರ ಹಿಜ್ಕೀಯ ಅರಸನಾದಾಗ ಜನ ಅದಕ್ಕೆ ಧೂಪ ಹಾಕುತ್ತಿದ್ದರು. ಅವನು ಅದನ್ನು ಒಡೆದು ಚೂರುಮಾಡಿದ. ಅದಕ್ಕೆ ನೆಹುಷ್ಟಾನ್ ಎಂಬ ಹೆಸರು ಬಂತು. ಹೀಬ್ರೂವಿನಲ್ಲಿ ತಾಮ್ರವೆಂಬ ಮಾತೂ ಹಾವೆಂಬ ಮಾತೂ ಆ ಹೆಸರಿನೊಳಗೆ ಕೇಳಿಸುತ್ತವೆ. ಬರೀ ತಾಮ್ರದ ತುಂಡು ಎಂದು ಎದುರಿಗೇ ಹೇಳಿದಂತೆ. ಒಂದು ಕಾಲದಲ್ಲಿ ದೇವರು ನಮ್ಮನ್ನು ಮುಟ್ಟಿದ ಕೂಟ, ಹಾಡು, ಬೋಧಕ, ಅನುಭವ ಹೀಗಾಗುವುದು ಸಾಮಾನ್ಯ. ಅಲ್ಲಿ ನನಗೆ ಗುಣವಾಗಿತ್ತು ಎಂಬ ನೆನಪು ನಿಜ, ಅದಕ್ಕೇ ಬಿಡುವುದು ಕಷ್ಟ.

ಬಿಡುವ ಕೆಲಸ ಶುರುವಾಗುವುದು ಹೆಸರು ಹಿಡಿದು ಹೇಳುವುದರಿಂದ. "ದೇವರೇ, ನನ್ನ ತಪ್ಪುಗಳನ್ನೆಲ್ಲ ಕ್ಷಮಿಸು" ಎನ್ನುವುದು, ಮನೆಯಲ್ಲಿ ಕರೆಂಟ್ ಸರಿಯಿಲ್ಲ ಎಂದು ನನಗೆ ಫೋನ್ ಮಾಡಿದ ಹಾಗೆ. ಯಾವ ಕೋಣೆ, ಯಾವ ಸ್ವಿಚ್? ನಾನು ಹೇಳಬೇಕಾದದ್ದು ಹೀಗಿತ್ತು: "ಆ ಹುಡುಗ ಚೆನ್ನಾಗಿ ಬೋಧಿಸುವುದು ನನಗೆ ಬೇಡವಾಗಿತ್ತು." ದೇವರಿಗೆ ಹೇಳುವುದು ಸುಲಭವಾಗಿತ್ತು. ಯಾಕೋಬನ ಪತ್ರಿಕೆ ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿರಿ ಎನ್ನುತ್ತದಲ್ಲ, ಅದಕ್ಕಾಗಿ ಹುಡುಗನ ಮನೆಯ ಬಾಗಿಲವರೆಗೆ ಹೋಗಿ ಒಮ್ಮೆ ತಿರುಗಿ ಬಂದೆ. ಎರಡನೆಯ ಸಲ ಹೇಳಿದೆ. ಅವನು ಮುಜುಗರದಿಂದ ನೀರು ತರುತ್ತೇನೆಂದು ಎದ್ದು ಹೋದ. ಬರುವಾಗ ಕೇಳಿದ್ದು: "22,000 ಅಲ್ಲವೇ ಅಣ್ಣಾ? ಅವತ್ತೇ ಗೊತ್ತಾಯಿತು, ಆದರೆ ನಿಮ್ಮ ಮುಖ ನೋಡಿ ತಿದ್ದಲು ಹೆದರಿದೆ."

ಖಾಲಿ ಮಾಡಿ ಬಿಟ್ಟರೂ ಆಗದು. ಗುಡಿಸಿ ಅಣಿಮಾಡಿದ ಮನೆಗೆ ಹಳೆಯ ದುರಾತ್ಮ ತನಗಿಂತ ಕೆಟ್ಟ ಇನ್ನೂ ಏಳನ್ನು ಕರೆತಂದ ಮಾತು ಲೂಕ 11ರಲ್ಲಿದೆ. ಥೆಸಲೊನೀಕ ಪಟ್ಟಣದ ವಿಶ್ವಾಸಿಗಳ ಬಗ್ಗೆ ಅಪೊಸ್ತಲ ಪೌಲ ಬರೆದ ಗ್ರೀಕ್ ವಾಕ್ಯದಲ್ಲಿ 'ದೇವರ ಕಡೆಗೆ' ಎಂಬುದು ಮೊದಲು, 'ವಿಗ್ರಹಗಳಿಂದ' ಎಂಬುದು ಆಮೇಲೆ. ಕನ್ನಡದಲ್ಲಿ ನಾವು ಬಿಟ್ಟು ತಿರುಗಿದರು ಎನ್ನುತ್ತೇವೆ. ಪೌಲನ ಸಾಲಿನಲ್ಲಿ ತಿರುಗಿದ್ದರಿಂದ ಬಿಟ್ಟಂತೆ ಕೇಳುತ್ತದೆ. ನನ್ನ ಮಟ್ಟಿಗೆ ಇದರ ಅರ್ಥ ಸರಳವಾಗಿತ್ತು. ಕಲಿಸಲಿಕ್ಕಲ್ಲದೆ ಸತ್ಯವೇದವನ್ನು ಓದಿ ಎಷ್ಟೋ ವರ್ಷವಾಗಿತ್ತು. ಟಿಪ್ಪಣಿ ಪುಸ್ತಕ ಮುಚ್ಚಿಟ್ಟು, ದಿನಕ್ಕೊಂದು ಕೀರ್ತನೆಯನ್ನು ಯಾರಿಗೂ ಹೇಳದೆ ಓದತೊಡಗಿದೆ. ಮೊದಲ ಹದಿನೈದು ದಿನ ಒಣ ಅವಲಕ್ಕಿ ಜಗಿದಂತಿತ್ತು.

ದುರಸ್ತಿಯಾಯಿತೇ ಎಂದು ನೋಡುವುದು

ಹನ್ನಳ ಕಥೆಯಲ್ಲಿ ಒಂದು ಸಣ್ಣ ವಾಕ್ಯವಿದೆ, 1 ಸಮುವೇಲ 1:18. ಪ್ರಾರ್ಥಿಸಿ ಎದ್ದು ಹೋಗಿ ಊಟ ಮಾಡಿದಳು, ಆಮೇಲೆ ಅವಳ ಮುಖ ಬಾಡಲಿಲ್ಲ. ಗಮನಿಸಿ, ಆಗ ಅವಳಿನ್ನೂ ಬಸುರಿಯಲ್ಲ. ಕೇಳಿದ್ದು ಸಿಗುವ ಮೊದಲೇ ಊಟ ಸೇರಿತು. ಕೇಳಿದ್ದು ಸಿಕ್ಕ ಮೇಲೆ ಬರುವ ಸಮಾಧಾನ ಏನನ್ನೂ ಸಾಬೀತು ಮಾಡುವುದಿಲ್ಲ. ಲೋಡ್ ಇಲ್ಲದಾಗ ಯಾವ ಫ್ಯೂಸೂ ಹೋಗುವುದಿಲ್ಲ.

ಮರುಕಳಿಸಿದರೆ? ಮರುಕಳಿಸುತ್ತದೆ. ಫಿಲಿಷ್ಟಿಯರ ಗುಡಿಯಲ್ಲಿ ಅವರ ವಿಗ್ರಹವಾದ ದಾಗೋನನು ದೇವರ ಮಂಜೂಷದ (ಇಸ್ರಾಯೇಲರ ಪವಿತ್ರ ಪೆಟ್ಟಿಗೆಯ) ಮುಂದೆ ಮುಗ್ಗರಿಸಿ ಬಿದ್ದಿದ್ದ. ಬೆಳಿಗ್ಗೆ ಬಂದವರು ಅವನನ್ನು ಎತ್ತಿ ಸ್ವಸ್ಥಾನದಲ್ಲಿ ನಿಲ್ಲಿಸಿದರು. ಮರುದಿನ ತಲೆಯೂ ಕೈಗಳೂ ಮುರಿದು ಹೊಸ್ತಿಲ ಮೇಲೆ ಬಿದ್ದಿದ್ದವು. ಮತ್ತೆ ದೋಷ ಕಂಡಾಗ ಮೊದಲಿನಿಂದ ಎಲ್ಲವನ್ನೂ ಬಿಚ್ಚಬೇಡಿ. ಈ ಸಲ ಎತ್ತಿ ನಿಲ್ಲಿಸಿದ್ದು ಯಾವಾಗ, ಯಾವ ಮಾತು ಕೇಳಿದ ಮೇಲೆ ಎಂದಷ್ಟೇ ಹುಡುಕಿ.

ಕಳೆದ ವಾರ ಅದೇ ಹುಡುಗ ಯೋನನ ಬಗ್ಗೆ ಬೋಧಿಸಿದ. ಪೆನ್ಸಿಲನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಹೋಗಿದ್ದೆ. ಗಿಡದ ಭಾಗವನ್ನು ನಾನು ಎಂದೂ ಹೇಳದ ರೀತಿಯಲ್ಲಿ ಹೇಳಿದ, ಕೇಳುತ್ತಾ ಮೈಮರೆತೆ. ಅಲ್ಲಿಗೆ ಬರುವ ಮೊದಲು ಎರಡು ತಪ್ಪು ಮಾಡಿದ್ದ. ಬೆರಳು ಮಡಚಿ ಎಣಿಸಿದ್ದೆ.